ಮಾಳಿಗೆಯ ಮೇಲೆ ಒಣಗಲಿಟ್ಟ ವಿಮಾನ

ರಾಣೆಬೆನ್ನೂರಿನಲ್ಲಿ ನಮ್ಮ ಪಕ್ಕದ ಮನೆಯ ಗುಮಾಸ್ತರು ಮುಂಬೈಯಿಂದ ಹಳೆಯ ಪ್ಲಾಸ್ಟಿಕ್ ಕಿಟ್‌ಗಳನ್ನು ತರಿಸಿ, ಬಿಡಿಭಾಗ ಅಂಟಿಸಿ, ಗೇಣುದ್ದದ ವಿಮಾನ ಕಟ್ಟುತ್ತಿದ್ದರು. ಕಟ್ಟಿ ಮುಗಿಸಿದ್ದನ್ನು ಮಾತ್ರ ನಾನು ಕಂಡಿರಲಿಲ್ಲ. ಯಾವಾಗ ಕೇಳಿದರೂ ರೆಕ್ಕೆಯ ಮೇಲೆ ಉಫ್ ಎಂದು ಊದಿ, "ಗಡಿಬಿಡಿ ಮಾಡಬ್ಯಾಡ್ರಿ ಸರ, ಅಂಟು ಒಣಗಲಿ" ಎನ್ನುವರು.

ನಾನು ಹೆಡ್‌ಮಾಸ್ತರನಾಗಿದ್ದ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಂದು ವಿಮಾನ ಕೊಡುತ್ತೇನೆಂದು ಹೇಳಿ ಎರಡು ವರ್ಷ ಸತಾಯಿಸಿದರು. ಮೂರನೆಯ ವರ್ಷ, ತಪಾಸಣೆಯ ಸಾಹೇಬರು ಬರುವ ಹಿಂದಿನ ದಿನ ಅದಕ್ಕೆ ಬಣ್ಣ ಬಳಿದು, ಮಾಳಿಗೆಯ ಮೇಲೆ ಹೆಂಡತಿ ಹರವಿದ್ದ ಬ್ಯಾಡಗಿ ಮೆಣಸಿನಕಾಯಿಯ ನಡುವೆ ಒಣಗಲು ಇಟ್ಟರು. ಸಂಜೆಗೆ ನೋಡಿದರೆ ಬಿಸಿಲಿಗೆ ಮೆತ್ತಗಾದ ರೆಕ್ಕೆಗಳೆರಡೂ ಜೋತುಬಿದ್ದಿದ್ದವು. ಹಸಿ ಬಣ್ಣಕ್ಕೆ ಮೆಣಸಿನ ಧೂಳು ಮೆತ್ತಿತ್ತು.

"ನನ್ನ ಕಾಯಿ ನೋಡ್ರಿ, ಒಂದ ದಿನಕ್ಕ ಎಷ್ಟು ಚಂದ ಒಣಗ್ಯಾವ!" ಎಂದರು ಅವರ ಹೆಂಡತಿ.

ಮರುದಿನ ಗುಮಾಸ್ತರು ಅದನ್ನೇ ತಂದು ಮೇಜಿನ ಮೇಲಿಟ್ಟರು. ಸಾಹೇಬರು ಬಗ್ಗಿ ನೋಡಿ, ಎರಡು ಸಲ ಸೀನಿ, "ರೆಕ್ಕಿ ಯಾಕ ಹಿಂಗ ಆಗ್ಯಾವ?" ಎಂದು ಕೇಳಿದರು.

ಗುಮಾಸ್ತರು ನನ್ನತ್ತ ಕೈ ತೋರಿಸಿದರು. "ಇವರದು ಭಾಳ ಗಡಿಬಿಡಿ ಆತ್ರಿ ಸಾಹೇಬ್ರ."