ಗಾಳಿ ಯಾರ ಕಡೆಗೋ, ನಡುವಿನ ತುಂಡು ಅವರಿಗೆ

ಅಕ್ಕನ ಬಲಗೈ ಹೆಬ್ಬೆರಳು ವರ್ಷವಿಡೀ ಕೆಂಪಗಿರುತ್ತಿತ್ತು. ಮೀನಿಗೆ ಮಸಾಲೆ ಸವರಿದ ಬೆರಳಲ್ಲೇ ಫೋನ್ ಉಜ್ಜುತ್ತಿದ್ದರು. ಹಾಗಾಗಿ ಅವರ ಫೋನಿನ ಅರಬ್ಬಿ ಸಮುದ್ರದಲ್ಲಿ ಎಷ್ಟೋ ಸಲ ಎರಡೆರಡು ಚಂಡಮಾರುತಗಳಿರುತ್ತಿದ್ದವು. ಒಂದು ಹವಾಮಾನದವರು ತೋರಿಸಿದ್ದು, ಇನ್ನೊಂದು ಬ್ಯಾಡಗಿ ಮೆಣಸಿನದು. ಒಮ್ಮೆ ಅವರು, "ಇವ ಬೆಳಿಗ್ಗೆಯಿಂದ ಕದಲುವುದೇ ಇಲ್ಲ ಮಾರಾಯ, ಅಲ್ಲೇ ಕೂತಿದ್ದಾನೆ" ಎಂದು ಗಾಬರಿಯಾದದ್ದು ಮೆಣಸಿನದನ್ನು ನೋಡಿ. ಬಟ್ಟೆಯಿಂದ ಒರೆಸಿದ ಮೇಲೆ ಅಪಾಯ ತಪ್ಪಿತು.

ದೋಹಾದ ಬಿನ್ ಮಹಮೂದ್ ಬಡಾವಣೆಯ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಅವರ ಮನೆ. ಗಂಡ ಮೆಸಯೀದಿನ ಪ್ಲಾಂಟಿನಲ್ಲಿ ಶಿಫ್ಟ್ ಕೆಲಸದವರು. ಮನೆಯಲ್ಲಿದ್ದರೆ ನಿದ್ದೆ ಮಾಡುತ್ತಿದ್ದರು, ಇಲ್ಲದಿದ್ದರೆ ಇರುತ್ತಿರಲಿಲ್ಲ. ಅಕ್ಕ ಮಾತ್ರ ಸಂಜೆಯಾದರೆ ಹಾಲಿನಲ್ಲಿ ಉದ್ದಕ್ಕೆ ಪ್ಲಾಸ್ಟಿಕ್ ಹಾಸಿ, ನನ್ನಂಥ ಏಳೆಂಟು ಬ್ಯಾಚುಲರ್‌ಗಳಿಗೆ ಊಟ ಹಾಕುತ್ತಿದ್ದರು. ಊರಲ್ಲಿ ಹೆಂಡತಿ, ಮೂರು ಮಕ್ಕಳಿದ್ದರೂ ಇಲ್ಲಿ ಒಬ್ಬನೇ ಇದ್ದರೆ ಅವನು ಬ್ಯಾಚುಲರ್ ಎನ್ನುವುದು ಗಲ್ಫಿನ ಲೆಕ್ಕ.

ಅಕ್ಕ ಮಲ್ಪೆಯವರು, ಮೀನುಗಾರರ ಮನೆತನ. ತಮ್ಮನಿಗೆ ಆಳ ಸಮುದ್ರಕ್ಕೆ ಹೋಗುವ ಬೋಟು ಇತ್ತು. ಆದ್ದರಿಂದ ಸಮುದ್ರದಲ್ಲಿ ಎಲ್ಲಿ ಗಾಳಿ ಎದ್ದರೂ ಅದು ಅವರ ಮನೆಯ ವಿಷಯ. ನಾನು ದಾವಣಗೆರೆಯವನೆಂದು ತಿಳಿದ ದಿನ ಅವರು ನನ್ನ ಮುಖ ನೋಡಿ, "ಸಮುದ್ರ ಇಲ್ಲದ ಊರಲ್ಲಿ ಜನ ಸಂಜೆ ಹೊತ್ತು ಎಂಥ ನೋಡ್ತಾರೆ?" ಎಂದು ಕೇಳಿದ್ದರು. ನನ್ನನ್ನು ಕಂಡರೆ ಅವರಿಗೆ ಮೊದಲಿನಿಂದಲೂ ಒಂಥರಾ ಕನಿಕರ.

ಆ ವರ್ಷದ ಚಂಡಮಾರುತ ಲಕ್ಷದ್ವೀಪದ ಹತ್ತಿರ ಹುಟ್ಟಿ ನೆಟ್ಟಗೆ ಮಲ್ಪೆಯ ಕಡೆ ಮುಖ ಮಾಡಿತ್ತು. ಮರುದಿನ ಇದ್ದಕ್ಕಿದ್ದಂತೆ ಮುಖ ತಿರುಗಿಸಿ ಪಾಕಿಸ್ತಾನದ ಮಕ್ರಾನ್ ಕರಾವಳಿಗೆ ಹೊರಟಿತು. ಊಟಕ್ಕೆ ಕೂತಿದ್ದ ಸುರತ್ಕಲ್ಲಿನವನೊಬ್ಬ ನಿಟ್ಟುಸಿರು ಬಿಟ್ಟು, "ಬಚಾವ್ ಅಕ್ಕ, ಆಚೆ ಹೋಯ್ತು" ಎಂದ. ಅಕ್ಕ ಸೌಟು ಕೆಳಗಿಟ್ಟರು.

"ಆಚೆ ಅಂದ್ರೆ ಎಲ್ಲಿಗೆ? ಅಲ್ಲಿ ಮನೆ ಇಲ್ವಾ? ಅಲ್ಲಿಯವ ನಿನ್ನ ಪಕ್ಕದಲ್ಲೇ ಕೂತು ಅನ್ನ ಕಲಸ್ತಾ ಇದ್ದಾನೆ, ನೋಡು."

ನಿಜ. ಅವನ ಪಕ್ಕದಲ್ಲಿದ್ದವನು ಗ್ವಾದರಿನ ಬಲೂಚಿ ಡ್ರೈವರ್. ಅವನಿಗೆ ಕನ್ನಡ ಬಾರದು, ಎಲ್ಲರೂ ತನ್ನನ್ನೇ ನೋಡುತ್ತಿರುವುದು ಏಕೆಂದು ತಿಳಿಯದೆ ಅನ್ನ ಕಲಸುವುದನ್ನು ನಿಲ್ಲಿಸಿದ. ಅಕ್ಕ ಕಾವಲಿಯಿಂದ ಅಂಜಲ್ ಮೀನಿನ ನಡುವಿನ ತುಂಡನ್ನು, ಅಂದರೆ ಅಂಗೈಗಿಂತ ಅಗಲದ, ನಾವೆಲ್ಲ ಬಂದಾಗಿನಿಂದ ಕಣ್ಣಿಟ್ಟಿದ್ದ ತುಂಡನ್ನು, ಅವನ ತಟ್ಟೆಗೆ ಹಾಕಿದರು. "ಖಾವೋ ಭಾಯಿ. ತುಮ್ಹಾರೆ ಘರ್ ಕೋ ಫೋನ್ ಕರೋ."

ಅವತ್ತಿನಿಂದ ಅದು ಕಾನೂನಾಯಿತು. ಗಾಳಿ ಯಾರ ಊರಿನ ಕಡೆಗೋ, ನಡುವಿನ ತುಂಡು ಅವರಿಗೆ.

ಚಂಡಮಾರುತಕ್ಕೂ ಈ ಸುದ್ದಿ ತಲುಪಿತೋ ಏನೋ, ಅದು ಎಲ್ಲರಿಗೂ ಬಡಿಸುವ ಉಮೇದಿಗೆ ಬಿತ್ತು. ಮಾರನೇ ದಿನ ಗುಜರಾತಿಗೆ ತಿರುಗಿತು. ನಮ್ಮಲ್ಲಿ ಪೋರಬಂದರಿನ ಅಕೌಂಟೆಂಟ್ ಒಬ್ಬನಿದ್ದ. ಅವನ ಫೋನಿನಲ್ಲಿ ಮೂರು ಆ್ಯಪ್, ಮೂರರಲ್ಲೂ ಬೇರೆ ಬೇರೆ ಗೆರೆ. ಮೂರರ ಸರಾಸರಿ ತೆಗೆದು, ಗಾಳಿ ತನ್ನ ಮನೆಯ ಬೀದಿಗೇ ಬರುವುದೆಂದು ಲೆಕ್ಕ ಒಪ್ಪಿಸಿದ. ತುಂಡು ಅವನದೇ ಎಂಬುದರಲ್ಲಿ ತಕರಾರಿರಲಿಲ್ಲ, ಆದರೆ ಆಸಾಮಿ ಶುದ್ಧ ಸಸ್ಯಾಹಾರಿ. ಸರಿ, ಮುಂದಿನ ಹಕ್ಕುದಾರ ಯಾರೆಂದು ನಾವು ಚರ್ಚೆಗೆ ಕೂತೆವು. ಅಷ್ಟರಲ್ಲಿ ಅಕ್ಕ ಸುವರ್ಣಗಡ್ಡೆಯನ್ನು ಥೇಟ್ ಅಂಜಲಿನ ಆಕಾರಕ್ಕೆ ಕೊಯ್ದು, ಅದೇ ಮಸಾಲೆ ಸವರಿ, ಬೇರೆ ಕಾವಲಿಯಲ್ಲಿ ಹುರಿದು ತಂದರು. ಅವನು ಅನುಮಾನದಿಂದ ಅದರಲ್ಲಿ ಮುಳ್ಳು ಹುಡುಕಿ, ಸಿಗದೆ, ತಿಂದ. ಗಾಳಿ ಇನ್ನೆರಡು ದಿನ ಅಲ್ಲೇ ಇರಲಿ ಎಂದು ಬೇಡಿಕೊಂಡ ಹಾಗಿತ್ತು ಅವನ ಮುಖ.

ಇದೆಲ್ಲ ನೋಡುತ್ತ ನಾನು ಬಾಲದ ತುಂಡು ತಿನ್ನುತ್ತಿದ್ದೆ. ದಾವಣಗೆರೆಗೆ ಚಂಡಮಾರುತ ಬರಬೇಕಾದರೆ ಘಟ್ಟ ಹತ್ತಬೇಕು. ಯಾವ ಆ್ಯಪ್‌ನಲ್ಲೂ ಅಂಥ ಗೆರೆ ಇರಲಿಲ್ಲ. ಇದ್ದಿದ್ದರೆ ಬೇಡವೆನ್ನುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ಆಮೇಲೆ ಅದು ಯಾರೂ ಎಣಿಸದ ಕೆಲಸ ಮಾಡಿತು. ನಡುಸಮುದ್ರದಲ್ಲಿ ನಿಂತು, ಒಂದು ಸುತ್ತು ಹೊಡೆದು, ಬಂದ ದಾರಿಯಲ್ಲೇ ವಾಪಸು ನಮ್ಮ ಕರಾವಳಿಯ ಕಡೆ ಹೊರಟಿತು. ಮೊದಲ ಗಂಡಾಂತರ ಕಳೆಯಿತೆಂದು ನಂಬಿದ ಅಕ್ಕನ ತಮ್ಮ ಬೋಟು ಇಳಿಸಿ ಹೋಗಿಯಾಗಿತ್ತು. ವಯರ್‌ಲೆಸ್ಸಿಗೆ ಸಿಗುತ್ತಿರಲಿಲ್ಲ. ಬೋಟಿನಲ್ಲಿದ್ದವರ ಮನೆಯವರೆಲ್ಲ ಬಂದರಿನಲ್ಲಿ ಕಾಯುತ್ತಿದ್ದರು.

ಅಕ್ಕ ಅವತ್ತೂ ಅಡುಗೆ ಮಾಡಿದ್ದರು. ಬಡಿಸಿದರು. ನಡುವಿನ ತುಂಡು ಕಾವಲಿಯಲ್ಲೇ ಉಳಿಯಿತು. ಬಲೂಚಿ ಎದ್ದು ಹೋಗಿ ಅದನ್ನು ಒಂದು ತಟ್ಟೆಗೆ ಹಾಕಿ ಅವರ ಮುಂದೆ ಇಟ್ಟು, "ಆಪಾ, ಆಜ್ ಆಪ್ ಕಾ" ಎಂದ. ಕಾನೂನು ಮಾಡಿದವರೇ ಕಾನೂನು ಮುರಿಯಬಾರದೆಂದು ಅಕೌಂಟೆಂಟ್ ವಾದಿಸಿದ. ಅಕ್ಕ ತುಂಡನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರು.

"ನಂಗೆ ಇಳಿಯುವುದಿಲ್ಲ. ಅವ ದಡಕ್ಕೆ ಬರ್ಲಿ."

ಆ ಎರಡು ದಿನ ಅವರ ಹೆಬ್ಬೆರಳು ಫೋನಿನಿಂದ ಏಳಲಿಲ್ಲ. ನಾವು ಏಳೆಂಟು ಗಂಡಸರು ಸಾರಿಗೆ ಉಪ್ಪಿಲ್ಲ ಎಂದು ಗೊತ್ತಿದ್ದೂ ಸುಮ್ಮನೆ ಉಂಡು, ತಟ್ಟೆ ತೊಳೆದಿಟ್ಟು ಹೋದೆವು. ಯಾರ ದೇವರಿಗೆ ಯಾವ ಭಾಷೆಯಲ್ಲಿ ಹೇಳಿಕೊಂಡೆವೋ, ಎಲ್ಲರೂ ಹೇಳಿಕೊಂಡೆವು ಎನ್ನುವುದು ಮಾತ್ರ ನಿಜ.

ಮೂರನೇ ದಿನ ಊಟದ ಹೊತ್ತಿಗೆ ಫೋನ್ ಬಂತು. ಬೋಟು ಕಾರವಾರ ಬಂದರಿನಲ್ಲಿದೆ, ಎಲ್ಲರೂ ಕ್ಷೇಮ. ಚಂಡಮಾರುತವೂ ತಿರುಗಿ ತಿರುಗಿ ಸುಸ್ತಾಗಿ ಸಮುದ್ರದಲ್ಲೇ ಕರಗಿತ್ತು. ಅಕ್ಕ ತಮ್ಮನಿಗೆ ತುಳುವಿನಲ್ಲಿ ಬೈದ ಬೈಗುಳ ಕೆಳಗಿನ ಬಕಾಲದ, ಅಂದರೆ ಕಿರಾಣಿ ಅಂಗಡಿಯವರೆಗೆ ಕೇಳಿಸಿತಂತೆ. ಬೈದು ಮುಗಿಸಿ, ಅತ್ತು, ಮುಖ ತೊಳೆದು ಬಂದು, ಡಬ್ಬಿಯ ತುಂಡನ್ನು ಮತ್ತೆ ಕಾವಲಿಗೆ ಹಾಕಿ ಬಿಸಿ ಮಾಡಿದರು. ಈಗ ಗಾಳಿ ಯಾರ ಕಡೆಗೂ ಇಲ್ಲ, ತುಂಡು ಯಾರಿಗೆಂದು ಎಲ್ಲರೂ ಕಾದೆವು. ಅದು ಬಂದು ಬಿದ್ದದ್ದು ನನ್ನ ತಟ್ಟೆಗೆ.

"ತಿನ್ನು ಪಾಪ. ನಿನ್ನ ಊರಿಗೆ ಬಿರುಗಾಳಿ ಬರ್ಲಿಕ್ಕೂ ಒಂದು ಸಮುದ್ರ ಇಲ್ಲ."

ಅಕ್ಕ ಈಗಿಲ್ಲ. ಗಂಡ ನಿವೃತ್ತರಾಗಿ ಇಬ್ಬರೂ ಮಲ್ಪೆಗೆ ಹೋದರು, ಅಲ್ಲೇ ಎರಡನೇ ವರ್ಷ ಅಕ್ಕ ತೀರಿಕೊಂಡರೆಂದು ಅವರ ತಮ್ಮ ಫೋನ್ ಮಾಡಿ ಹೇಳಿದ. ನಾನೂ ಹೆಂಡತಿಯನ್ನು ಕರೆಸಿಕೊಂಡು ದೋಹಾದ ಪಕ್ಕದ ಅಲ್ ಗರಾಫಾದಲ್ಲಿ ಮನೆ ಮಾಡಿದ್ದೇನೆ. ಆದರೆ ನನಗೆ ಹೆಚ್ಚು ನೆನಪಾಗುವುದು, ಊರಿಗೆ ಹೋಗುವ ಮೊದಲು ಅವರು ಹೊಟ್ಟೆಯ ಆಪರೇಷನ್ನಿಗೆಂದು ಇಲ್ಲಿ ಆಸ್ಪತ್ರೆ ಸೇರಿದ ದಿನಗಳು.

ಸುದ್ದಿ ತಿಳಿದವನೇ ಮಾರ್ಕೆಟ್ಟಿನಿಂದ ಅಂಜಲ್ ತಂದು, ನಡುವಿನ ತುಂಡನ್ನು ನಾನೇ ಹುರಿದು, ಡಬ್ಬಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಅಕ್ಕ ಹಾಸಿಗೆಯಲ್ಲಿ ಸಣ್ಣಗಾಗಿ ಕೂತಿದ್ದರು. ಹೆಬ್ಬೆರಳು ಬೆಳ್ಳಗಿತ್ತು. "ಕಾನೂನು ಪ್ರಕಾರ ಇದು ನಿಮ್ದು ಅಕ್ಕ" ಎಂದು ಡಬ್ಬಿ ಬಿಚ್ಚಿದೆ. ಅವರು ಒಂದು ಚೂರು ಮುರಿದು ಬಾಯಿಗಿಟ್ಟು ಮುಖ ಹುಳ್ಳಗೆ ಮಾಡಿದರು. ಆಮೇಲೆ ಡಬ್ಬಿಯನ್ನು ಹಾಗೇ ಪಕ್ಕದ ಹಾಸಿಗೆಗೆ ಚಾಚಿದರು. ಅಲ್ಲಿ ಒಬ್ಬ ಫಿಲಿಪೀನಿ ಹೆಂಗಸು ಗೋಡೆಯ ಕಡೆ ತಿರುಗಿ ಮಲಗಿದ್ದಳು, ನೋಡಲು ಬಂದವರು ಯಾರೂ ಇರಲಿಲ್ಲ, ನರ್ಸೂ ಆ ಹೊತ್ತಿಗೆ ಒಳಗಿರಲಿಲ್ಲ. ಅವಳು ಎದ್ದು ಕೂತು, ಡಬ್ಬಿಯನ್ನೂ ನಮ್ಮನ್ನೂ ನೋಡಿ, ಕೈಯಿಂದಲೇ ತಿನ್ನತೊಡಗಿದಳು.

"ಅಕ್ಕ, ಅದು ನಿಮಗೆ ತಂದದ್ದು" ಎಂದೆ.

"ಅವಳ ಆಪರೇಷನ್ ನಾಳೆ. ಇವತ್ತು ಗಾಳಿ ಅವಳ ಕಡೆ ಉಂಟು. ನಂದು ನಾಡಿದ್ದಲ್ವಾ, ನಂಗೆ ನಾಳೆ ತಾ. ಉಪ್ಪು ಕಮ್ಮಿ ಹಾಕು. ಇದನ್ನು ತಿಂದವಳಿಗೆ ಇನ್ನು ಆಪರೇಷನ್ನಿನ ಹೆದರಿಕೆ ಇಲ್ಲ."

ಮರುದಿನ ಉಪ್ಪು ಕಮ್ಮಿ ಹಾಕಿ ತೆಗೆದುಕೊಂಡು ಹೋದೆ. ನಾಳೆ ಆಪರೇಷನ್, ಹೊರಗಿನದೇನೂ ಕೊಡುವ ಹಾಗಿಲ್ಲವೆಂದು ನರ್ಸ್ ಬಾಗಿಲಲ್ಲೇ ತಡೆದಳು. ಡಬ್ಬಿ ಹಿಡಿದುಕೊಂಡು ಹಾಗೇ ಬಂದೆ. ಆಪರೇಷನ್ ಸುಸೂತ್ರವಾಗಿ ಮುಗಿದು ಗಾಳಿ ತಿರುಗಿಹೋಯಿತು, ಅಕ್ಕನಿಗೆ ಸಲ್ಲಬೇಕಾದ ಆ ಒಂದು ತುಂಡು ಸಲ್ಲಲೇ ಇಲ್ಲ.