ಮಸೂರ ಗ್ಯಾಲಕ್ಸಿ ಮತ್ತು ನನ್ನ ‘ತಪ್ಪು’ ಅಳತೆ

1984ರಲ್ಲಿ ನಾನು ಗದಗಿನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಅದಕ್ಕೂ ಒಂಬತ್ತು ವರ್ಷ ಹಿಂದೆ ದೂರದ ವೀಕ್ಷಣಾಲಯವೊಂದರಲ್ಲಿ ಸಂಶೋಧನೆ ಮಾಡುತ್ತಿದ್ದೆ. ಲಕ್ಷ್ಮೇಶ್ವರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ನನ್ನ ತಂದೆ, ಅಬ್ಬಾ, ಬೇಡವೆಂದ ನೆಂಟರ ಮಾತಿಗೆ ಕಿವಿಗೊಡದೆ ನನ್ನನ್ನು ಅಲ್ಲಿಗೆ ಕಳಿಸಿದ್ದರು.

ಟೆಲಿಸ್ಕೋಪಿನಿಂದ ತೆಗೆದ ಗಾಜಿನ ಫೋಟೋ ಪ್ಲೇಟುಗಳಲ್ಲಿ ಒಂದು ದೂರದ ಗ್ಯಾಲಕ್ಸಿಯ ಬೆಳಕನ್ನು ನಡುವಿನಿಂದ ಅಂಚಿನವರೆಗೆ ಅಳೆಯುವುದು ನನ್ನ ಕೆಲಸ. ಅದು ಎಲಿಪ್ಟಿಕಲ್, ಅಂದರೆ ಬರೀ ಮೊಟ್ಟೆಯಾಕಾರದ್ದು ಎಂದೇ ಎಲ್ಲರೂ ತಿಳಿದಿದ್ದರು. ಹಾಗಿದ್ದರೆ ಬೆಳಕು ಅಂಚಿನತ್ತ ಒಂದೇ ರೀತಿಯಲ್ಲಿ ಇಳಿಯಬೇಕು. ನನ್ನ ಗ್ರಾಫಿನ ಗೆರೆ ಮಾತ್ರ ಅರ್ಧ ದಾರಿಯಲ್ಲಿ ಉಬ್ಬಿತ್ತು. ನಡುಭಾಗದ ಸುತ್ತ ತೆಳುವಾದ ತಟ್ಟೆಯೊಂದು ಇರುವ ಲಕ್ಷಣವದು. ಸುರುಳಿ ತೋಳುಗಳಿಲ್ಲದ, ಮಸೂರ ಬೇಳೆಯ ಆಕಾರದ ಇಂಥವನ್ನು ಲೆಂಟಿಕ್ಯುಲರ್ ಗ್ಯಾಲಕ್ಸಿ ಎನ್ನುತ್ತಾರೆ.

ನನ್ನ ಮಾರ್ಗದರ್ಶಕರು ಧಾರವಾಡದ ಕಡೆಯವರೇ. ಗ್ರಾಫ್ ನೋಡಿ, “ಪ್ಲೇಟ್ ಕೆಟ್ಟೈತಿ ಫಾತಿಮಾ. ನಿನ್ನ ಅಳತಿನೂ ತಪ್ಪ. ಈ ಕೆಲಸಕ್ಕ ಬ್ಯಾರೆ ಕಣ್ಣು ಬೇಕು. ಊರಾಗ ಕಲಿಸಾಕ ಹೋಗು,” ಎಂದರು. ದೊಡ್ಡವರ ಮಾತು, ನಂಬಿದೆ. ಪಿಎಚ್.ಡಿ. ಬಿಟ್ಟು ಗದಗಿಗೆ ಬಂದೆ.

ಒಂಬತ್ತು ವರ್ಷದ ಮೇಲೆ, 1984ರಲ್ಲಿ, ಅದೇ ಮಾರ್ಗದರ್ಶಕರು ನಮ್ಮ ಕಾಲೇಜಿಗೆ ಉಪನ್ಯಾಸಕ್ಕೆ ಬಂದರು. ಕರೆಸಲು ಓಡಾಡಿದವಳು ನಾನೇ. ಮುಂಡರಗಿ, ಶಿರಹಟ್ಟಿ ಹೈಸ್ಕೂಲುಗಳ ಮಾಸ್ತರರಿಗೂ ಹೇಳಿಕಳಿಸಿದ್ದೆ. ಕಿಟಕಿಗೆ ಕರಿ ಬಟ್ಟೆ ಕಟ್ಟಿ ಸ್ಲೈಡ್ ಹಾಕಿದೆವು. ಪರದೆಯ ಮೇಲೆ ಅದೇ ಗ್ಯಾಲಕ್ಸಿ, ಅದೇ ಗ್ರಾಫ್, ಅದೇ ಉಬ್ಬು.

“ಇದು ಲೆಂಟಿಕ್ಯುಲರ್ ಅಂತ ಮೊದಲು ತೋರಿಸಿದವ ನಾನು,” ಎಂದರು. ಸಭೆ ಚಪ್ಪಾಳೆ ತಟ್ಟಿತು. ತಟ್ಟಲು ನನ್ನ ಕೈಯೂ ಅರ್ಧ ಎದ್ದಿತ್ತು.

ನಡುವೆ ಚಹಾಕ್ಕೆ ಎದ್ದಾಗ ಕೇಳಿದೆ: “ಸರ್, ನನ್ನ ಅಳತಿ ತಪ್ಪ ಅಂದಿದ್ರಲ್ರಿ?”

“ನೀ ಬಿಟ್ಟು ಹೋದಿ. ಬಿಟ್ಟು ಹೋದವರ ಹೆಸರು ಹಾಕೂ ಪದ್ಧತಿ ಇಲ್ಲ.”

“ಹೋಗು ಅಂದವರು ನೀವ ಅಲ್ರಿ?”

ಅವರು ಬಿಸ್ಕೀಟನ್ನು ಚಹಾದಲ್ಲಿ ಅದ್ದಿದರು. ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ನಮ್ಮ ಪ್ರಿನ್ಸಿಪಾಲರು, “ಅತಿಥಿಗಳು ಅದಾರ್ರಿ ಮೇಡಂ, ಬಿಡ್ರಿ. ಜಲ್ದಿ ಬಂದು ಆಭಾರ ಹೇಳ್ರಿ,” ಎಂದರು.

ಉಪನ್ಯಾಸ ಮುಗಿದ ಮೇಲೆ ವಂದನಾರ್ಪಣೆಗೆ ಮೈಕಿನ ಮುಂದೆ ನಿಂತೆ. “ಆ ಗ್ರಾಫ್ ನಾ ತಗದದ್ದು. ತಪ್ಪೈತಿ ಅಂತ ಇವರು ನನ್ನ ಊರಿಗೆ ಕಳಿಸಿದ್ರು. ಅದು ಖರೆ ಇತ್ತು ಅಂತ ಇವತ್ತ ಗೊತ್ತಾತು. ಅದಕ್ಕ ಆಭಾರಿ ಅದೀನಿ,” ಎಂದು ಇಳಿದುಬಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಪ್ರಿನ್ಸಿಪಾಲರು ಬಹಳ ದಿನ ನನ್ನೊಡನೆ ಮಾತಾಡಲಿಲ್ಲ.

ಆ ಸಂಶೋಧನೆ ಇಂದಿಗೂ ಅವರ ಹೆಸರಿನಲ್ಲೇ ಇದೆ. ಹೆಸರು ಹೋದದ್ದಕ್ಕಿಂತ, ಒಂಬತ್ತು ವರ್ಷ ನನ್ನ ಕಣ್ಣನ್ನು ನಾನೇ ನಂಬದಂತೆ ಮಾಡಿದರಲ್ಲ, ಆ ಉರಿ ಆರಿಲ್ಲ. ನಿವೃತ್ತಳಾಗುವವರೆಗೂ, ವಿದ್ಯಾರ್ಥಿಯೊಬ್ಬರ ಅಳತೆ ತಪ್ಪೆನ್ನುವ ಮೊದಲು ನಾನೇ ಕೂತು ಇನ್ನೊಮ್ಮೆ ಅಳೆಯುತ್ತಿದ್ದೆ. ಬಹಳ ಸಲ ತಪ್ಪೇ ಇರುತ್ತಿತ್ತು. ಆದರೂ ಅಳೆಯುತ್ತಿದ್ದೆ.