ಅಹಲ್ಯಾ ಹೇಳದೆ ಉಳಿದ ಸಾಕ್ಷಿ

ಅಹಲ್ಯಾ ದಾವಣಗೆರೆಯಲ್ಲಿ ಕಾನೂನು ಓದಿ, ಅಲ್ಲಿನ ಕೋರ್ಟಿನಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಎರಡು ವರ್ಷ ಕೆಲಸ ಮಾಡಿದ್ದವಳು. ವಿನಾಯಕನನ್ನು ಮದುವೆಯಾಗಿ ಜಪಾನಿನ ಒಕಾಜಾಕಿಗೆ ಬಂದ ಮೇಲೆ ಆ ವಿದ್ಯೆಯಿಂದ ಏನೂ ಉಪಯೋಗವಾಗಲಿಲ್ಲ. ವಿನಾಯಕ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್. ಮಗಳು ಸಂಜನಾ ಇಲ್ಲಿಯೇ ಹುಟ್ಟಿದವಳು. ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಜಪಾನಿ ಭಾಷೆಯಲ್ಲೋ ಇಂಗ್ಲಿಷಿನಲ್ಲೋ ಬರುತ್ತಿತ್ತು.

ಅವರ ಹಳೆಯ ಅಪಾರ್ಟ್‌ಮೆಂಟಿನ ಕೆಳಮಹಡಿಯಲ್ಲಿ ಲೊರೇನ್ ಎಂಬ ಅಮೆರಿಕದ ಕಪ್ಪು ಹೆಂಗಸಿದ್ದಳು. ಅರವತ್ತು ದಾಟಿದವಳು, ಒಂಟಿ. ಇಪ್ಪತ್ತು ವರ್ಷಗಳಿಂದ ಆ ಊರಿನ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. 2020ರ ವಸಂತದಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಅವಳ ಕ್ಲಾಸುಗಳೂ ನಿಂತವು. ಇತ್ತ ಸಂಜನಾ ಮನೆಯಲ್ಲಿ ಕೂತು ಕೂತು ಗೋಳಾಡುತ್ತಿದ್ದಳು. ಅವಳನ್ನು ಸ್ವಲ್ಪ ಹೊತ್ತು ತನ್ನ ಜೊತೆ ಕಳಿಸು ಎಂದು ಲೊರೇನ್ ತಾನಾಗಿಯೇ ಕೇಳಿದಳು. ಹೀಗೆ ಮೂವರೂ ಮಾಸ್ಕ್ ಹಾಕಿಕೊಂಡು ಒತೊಗಾವಾ ನದಿಯ ದಂಡೆಯಲ್ಲಿ ಸಂಜೆ ನಡೆಯುವುದು ರೂಢಿಯಾಯಿತು.

ಆ ಬೇಸಿಗೆಯಲ್ಲಿ ಪೊಲೀಸರು ಕಪ್ಪು ವ್ಯಕ್ತಿಯೊಬ್ಬನನ್ನು ಕೊಂದದ್ದನ್ನು ಪ್ರತಿಭಟಿಸಿ ಅಮೆರಿಕದ ಬೀದಿಗಳಲ್ಲಿ ಲಕ್ಷಾಂತರ ಜನ ಸೇರಿದ್ದನ್ನು ಟಿವಿಯಲ್ಲಿ ನೋಡಿ ಸಂಜನಾ ಏನೇನೋ ಕೇಳಿದಳು. ಲೊರೇನ್ ತನ್ನ ಊರು ರಿಚ್‌ಮಂಡಿನ ಕಥೆ ಹೇಳತೊಡಗಿದಳು. ಕಪ್ಪು ಜನರಿಗೆ ಬೇರೆ ಶಾಲೆ, ಬೇರೆ ನಲ್ಲಿ, ಬಸ್ಸಿನಲ್ಲಿ ಹಿಂದಿನ ಸೀಟು. ವರ್ಷಗಟ್ಟಲೆ ಜನ ಹೋರಾಡಿ ಜೈಲಿಗೆ ಹೋದ ಮೇಲೆ 1964ರಲ್ಲಿ ಹೋಟೆಲು, ಸಿನಿಮಾ ಮಂದಿರಗಳಲ್ಲಿ ಬಣ್ಣ ನೋಡಿ ತಡೆಯಬಾರದೆಂಬ ಕಾನೂನು ಬಂತು. ಮರುವರ್ಷ ಮತದಾನದ ಹಕ್ಕನ್ನು ಕಾಯುವ ಕಾನೂನು, 1968ರಲ್ಲಿ ಮನೆ ಕೊಡುವಾಗ ಭೇದ ಮಾಡಬಾರದೆಂಬ ಕಾನೂನು.

ಅಹಲ್ಯಾಳೊಳಗಿನ ವಕೀಲೆ ಎದ್ದು ಕೂತಳು. ಅಂಗಡಿ, ಹೋಟೆಲು, ಬಾವಿ, ಕೆರೆ ಎಲ್ಲೂ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯಬಾರದೆಂದು ನಮ್ಮ ಸಂವಿಧಾನ 1950ರಲ್ಲೇ ಹೇಳಿತ್ತು ಎಂದು ಹೆಮ್ಮೆಯಿಂದ ಹೇಳಿದಳು. ಆಮೇಲೆ ಎಲ್ಲರೂ ಹೋಟೆಲಿಗೆ ಹೋದರೇ ಎಂದು ಲೊರೇನ್ ಕೇಳಿದಳು. ಅಹಲ್ಯಾಗೆ ತನ್ನ ಸೀನಿಯರ್ ನಡೆಸಿದ್ದ ಒಂದು ಕೇಸು ನೆನಪಾಯಿತು. ಹಳ್ಳಿಯ ಹೋಟೆಲೊಂದರಲ್ಲಿ ದಲಿತರಿಗೆ ಬೇರೆ ಲೋಟ ಇಟ್ಟಿದ್ದರು. ಕಣ್ಣಾರೆ ಕಂಡವರೆಲ್ಲ ಕಟಕಟೆಗೆ ಬಂದು ಏನೂ ಕಂಡಿಲ್ಲ ಎಂದುಬಿಟ್ಟರು, ಕೇಸು ಬಿದ್ದುಹೋಯಿತು. ಆ ಜನರ ಬಗ್ಗೆ ಅವಳಿಗೆ ಆಗ ಎಷ್ಟು ಅಸಹ್ಯ ಹುಟ್ಟಿತ್ತೆಂದರೆ ಅಂದು ಊಟ ಸೇರಿರಲಿಲ್ಲ. ಅದನ್ನೂ ಲೊರೇನ್‌ಗೆ ಹೇಳಿದಳು.

ಅದಕ್ಕೆ ಲೊರೇನ್ ತನ್ನ ತಾಯಿಯ ಸುದ್ದಿ ಹೇಳಿದಳು. ಮನೆಯ ಕಾನೂನು ಬಂದ ಮರುವರ್ಷ ಅವಳ ತಾಯಿ ಬಾಡಿಗೆಗೆ ಮನೆ ಕೇಳಲು ಹೋದರೆ, ಈಗಷ್ಟೇ ಬೇರೆಯವರಿಗೆ ಕೊಟ್ಟೆವು ಎಂದರಂತೆ. ಚರ್ಚಿನ ಪರಿಚಯದ ಒಬ್ಬ ಬಿಳಿ ಹೆಂಗಸು ಅದೇ ದಿನ ಹೋಗಿ ಕೇಳಿದಳು. ಅವಳ ಕೈಗೆ ಬೀಗದ ಕೈ ಕೊಟ್ಟು, ನೋಡಿಕೊಂಡು ಬನ್ನಿ ಎಂದರು. ಆ ಹೆಂಗಸು ಕೋರ್ಟಿಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದ್ದರಿಂದಲೇ ಲೊರೇನ್ ಕುಟುಂಬಕ್ಕೆ ಆ ಮನೆ ಸಿಕ್ಕಿತು. ಬರೀ ಕಾನೂನಿಗೆ ಬಾಯಿಲ್ಲ, ಯಾರಾದರೂ ಅದರ ಪರವಾಗಿ ಮಾತಾಡಬೇಕು ಎಂದಳು ಲೊರೇನ್.

2021ರಲ್ಲಿ ಅವರ ಅಪಾರ್ಟ್‌ಮೆಂಟು ಭೂಕಂಪ ತಡೆಯುವಷ್ಟು ಗಟ್ಟಿಯಿಲ್ಲವೆಂದು ಅದನ್ನು ಕೆಡವಲು ಮಾಲೀಕರು ನಿರ್ಧರಿಸಿದರು. ಎಲ್ಲರೂ ಬೇರೆ ಮನೆ ಹುಡುಕಬೇಕಾಯಿತು. ನದಿಯ ಹತ್ತಿರವೇ ಎರಡನೆಯ ಮಹಡಿಯಲ್ಲಿ ಒಂದು ಮನೆ ಖಾಲಿ ಇತ್ತು. ಅದಕ್ಕೆ ಹಸಿರು ಬಾಲ್ಕನಿ. ಲೊರೇನ್ ಅದನ್ನು ಹೊರಗಿನಿಂದ ನೋಡಿಯೇ ಮೆಚ್ಚಿ ಬಾಡಿಗೆ ಮನೆಗಳ ಏಜೆಂಟನ ಬಳಿ ಹೋದಳು. ಅವನು ಸುಮಿಮಾಸೆನ್, ಕ್ಷಮಿಸಿ ಎಂದು ತಲೆಬಾಗಿ, ಆ ಮನೆ ಆಗಲೇ ಹೋಗಿದೆ ಎಂದ. ಲೊರೇನ್ ಸಂಜೆ ನಡೆಯುವಾಗ ಇದನ್ನು ಹೇಳಿ, ಸಿಗಲಿಲ್ಲವಲ್ಲ ಎಂದು ಪೇಚಾಡಿಕೊಂಡಳು.

ಅದೇ ವಾರದ ಕೊನೆಯಲ್ಲಿ ಅಹಲ್ಯಾ ಗಂಡನೊಂದಿಗೆ ಅದೇ ಏಜೆಂಟನ ಬಳಿ ಹೋದಳು. ಅವನು ಫೋನಿನಲ್ಲಿ ಮಾಲೀಕರ ಹತ್ತಿರ, ಇವರು ಇಂಡಿಯಾದವರು, ಕಂಪನಿ ಎಂಜಿನಿಯರ್, ಸಂಸಾರಸ್ಥರು ಎಂದು ಹೇಳುವುದು ಅವಳ ಕಿವಿಗೆ ಬಿತ್ತು. ಆಮೇಲೆ ಮನೆ ತೋರಿಸಲು ಕಾರಿನಲ್ಲಿ ಕರೆದೊಯ್ದ. ಹಸಿರು ಬಾಲ್ಕನಿ ಕಂಡೊಡನೆ ಇದು ಲೊರೇನ್ ಕೇಳಿದ್ದ ಮನೆಯೇ ಎಂದು ಅಹಲ್ಯಾಗೆ ಗೊತ್ತಾಯಿತು. ಈ ಮನೆ ಯಾವಾಗಿನಿಂದ ಖಾಲಿ ಇದೆ ಎಂದು ಕೇಳಿದಳು. ಒಂದು ತಿಂಗಳಿನಿಂದ ಯಾರೂ ಕೇಳಿಕೊಂಡು ಬಂದಿಲ್ಲ ಎಂದ ಏಜೆಂಟ್.

ಆ ರಾತ್ರಿ ಗಂಡ ಹೆಂಡಿರ ನಡುವೆ ಮಾತು ನಡೆಯಿತು. ಲೊರೇನ್‌ಗೆ ಕಂಪನಿಯ ಜಾಮೀನಿಲ್ಲ, ವಯಸ್ಸಾಗಿದೆ, ಒಬ್ಬಳೇ ಇದ್ದಾಳೆ, ಕಾರಣ ಅದೂ ಇರಬಹುದಲ್ಲ ಎಂದ ವಿನಾಯಕ. ಇರಬಹುದು, ಆದರೆ ಸುಳ್ಳು ಯಾಕೆ ಹೇಳಬೇಕಿತ್ತು ಎಂದು ಅಹಲ್ಯಾ ಕೇಳಿದಳು. ವಿನಾಯಕ ಮಾತು ಬದಲಿಸಿ ಮನೆಯ ಅನುಕೂಲ ಎಣಿಸತೊಡಗಿದ. ಸಂಜನಾಳ ಶಾಲೆಗೆ ಹತ್ತಿರ, ಬಿಸಿಲು ಬರುವ ಮನೆ. ಅವರು ಸಹಿ ಹಾಕಿದರು. ಲೊರೇನ್‌ಗೆ ಹೇಗೆ ಹೇಳುವುದೆಂದು ತಿಳಿಯದೆ ಅಹಲ್ಯಾ ನೆಗಡಿಯ ನೆಪ ಹೇಳಿ ಸಂಜೆಯ ನಡಿಗೆ ತಪ್ಪಿಸತೊಡಗಿದಳು. ಆ ದಿನಗಳಲ್ಲಿ ನೆಗಡಿ ಎಂದರೆ ಯಾರೂ ಮರುಮಾತಾಡುತ್ತಿರಲಿಲ್ಲ.

ಸಾಮಾನು ಸಾಗಿಸುವ ದಿನ ಲಾರಿಯವರ ಬಾಯಿಂದ ವಿಳಾಸ ಕೇಳಿ ಲೊರೇನ್‌ಗೆ ಎಲ್ಲ ತಿಳಿಯಿತು. ಅವಳು ಕೂಗಾಡಲಿಲ್ಲ. ಮೆಟ್ಟಿಲ ಬಳಿ ಅಹಲ್ಯಾಳನ್ನು ನಿಲ್ಲಿಸಿ ಮಾತಾಡಿದಳು.

"ಮನೆ ನಿನಗೆ ಸಿಕ್ಕಿದ್ದು ಒಳ್ಳೆಯದೇ. ಅದನ್ನು ಬಿಡು ಅನ್ನುವುದಿಲ್ಲ. ನಾನು ಮಾನವ ಹಕ್ಕುಗಳ ಕಚೇರಿಗೆ ದೂರು ಕೊಡುತ್ತೇನೆ. ಆ ಮನೆ ಖಾಲಿ ಇತ್ತು ಅಂತ ನೀನು ಬಂದು ಹೇಳುತ್ತೀಯಾ? ಅಷ್ಟು ಸಾಕು."

ನಾಳೆ ಹೇಳುತ್ತೇನೆ ಎಂದು ಅಹಲ್ಯಾ ಒಳಗೆ ಹೋದಳು. ವಿನಾಯಕ ಪೆಟ್ಟಿಗೆಗೆ ಟೇಪ್ ಅಂಟಿಸುತ್ತಿದ್ದವನು ಕೈ ನಿಲ್ಲಿಸಿದ.

"ನಮ್ಮ ಪರ್ಮನೆಂಟ್ ರೆಸಿಡೆನ್ಸಿ ಅಪ್ಲಿಕೇಶನ್ ಇನ್ನೂ ಪೆಂಡಿಂಗ್ ಇದೆ, ಗೊತ್ತಲ್ವಾ? ಈಗ ಯಾವ ಆಫೀಸಲ್ಲೂ ನಮ್ಮ ಹೆಸರು ಬರೋದು ಬೇಡ. ಇಲ್ಲಿ ಅಮೆರಿಕ ಥರ ಲಾ ಕೂಡ ಇಲ್ಲ. ನೀನು ಹೋಗಿ ಹೇಳಿದ್ರೆ ಏನಾಗುತ್ತೆ?"

"ಏನೂ ಆಗಲ್ಲ. ಆದ್ರೂ ಹೇಳ್ಬೇಕಲ್ವಾ ರೀ?"

"ಅವರು ಒಬ್ರೇ. ನಮಗೆ ಮಗು ಇದೆ."

ಅವನು ಕೆಟ್ಟವನಲ್ಲ. ಗಡಿಗಳು ಮುಚ್ಚಿ, ಊರಿಗೆ ಹೋದವರು ತಿಂಗಳುಗಟ್ಟಲೆ ಮರಳಲಾಗದೆ ಸಿಕ್ಕಿಬಿದ್ದದ್ದನ್ನು ಇಬ್ಬರೂ ಕಂಡಿದ್ದರು. ಆ ಹೆದರಿಕೆ ಅಹಲ್ಯಾಳೊಳಗೂ ಇತ್ತು. ಒಂದು ಸಾಕ್ಷಿ ಹೇಳಿದ್ದಕ್ಕೆ ಯಾರೂ ಅರ್ಜಿ ತಳ್ಳಿಹಾಕುವುದಿಲ್ಲವೆಂದು ಕಾನೂನು ಓದಿದ ಅವಳಿಗೆ ತಿಳಿಯದ್ದೇನಲ್ಲ. ಆದರೂ ಮರುದಿನ ಹಳೆಯ ಕಟ್ಟಡಕ್ಕೆ ಬಂದು ಲೊರೇನ್‌ಳ ಮುಂದೆ ನಿಂತಾಗ ಬಾಯಿಂದ ಬಂದದ್ದು ಬೇರೆ.

"ಏಜೆಂಟ್ ಏನು ಹೇಳಿದ ಅಂತ ನನಗೆ ಸರಿಯಾಗಿ ನೆನಪಿಲ್ಲ. ನನ್ನ ಜಪಾನಿ ಭಾಷೆ ಅಷ್ಟಕ್ಕಷ್ಟೇ."

ಲೊರೇನ್ ಅವಳನ್ನೇ ನೋಡಿ, ಸರಿ ಎಂದಳು.

ಲೊರೇನ್ ಒಬ್ಬಳೇ ದೂರು ಕೊಟ್ಟಳು. ತಿಂಗಳುಗಳ ನಂತರ, ಭೇದ ನಡೆದಿದೆಯೆಂದು ಖಚಿತಪಡಿಸಿಕೊಳ್ಳಲು ಸಾಧ್ಯವಾಗಲಿಲ್ಲ ಎಂಬ ವಿನಯದ ಉತ್ತರ ಬಂತಂತೆ. ಅಷ್ಟರಲ್ಲಿ ಅವಳು ಬೇರೆ ಊರಾದ ತೊಯೊಹಾಶಿಯಲ್ಲಿ ಒಂದು ಕತ್ತಲೆ ಕೋಣೆ ಹಿಡಿದಿದ್ದಳು. ಒಕಾಜಾಕಿಯ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಕೈಬಿಟ್ಟುಹೋದರು. 2022ರ ಬೇಸಿಗೆಯಲ್ಲಿ ಅವಳು ಎಲ್ಲ ಮುಗಿಸಿ ರಿಚ್‌ಮಂಡಿಗೆ, ತಂಗಿಯ ಮನೆಗೆ ಹೊರಟುಹೋದಳು. ಇಪ್ಪತ್ತಕ್ಕೂ ಹೆಚ್ಚು ವರ್ಷ ಬದುಕಿದ ದೇಶವನ್ನು ಬಿಡುವಾಗ ಅವಳನ್ನು ಕಳಿಸಿಕೊಡಲು ಅಹಲ್ಯಾ ಹೋಗಲಿಲ್ಲ. ಹೊರಟ ವಿಷಯ ಅವಳಿಗೆ ತಿಳಿದದ್ದೇ ತಡವಾಗಿ.

ಅದೇ ವರ್ಷದ ಕೊನೆಗೆ ಪರ್ಮನೆಂಟ್ ರೆಸಿಡೆನ್ಸಿ ಬಂತು. ವಿನಾಯಕ ಕೇಕ್ ತಂದ. ಅಹಲ್ಯಾ ಒಂದು ತುಂಡು ಬಾಯಿಗಿಟ್ಟು ಎದ್ದುಹೋದಳು. ಮರುದಿನ ಯಾರಿಗೂ ಹೇಳದೆ ಮಾನವ ಹಕ್ಕುಗಳ ಕಚೇರಿಗೆ ಹೋಗಿ, ಕಂಡದ್ದನ್ನೂ ಕೇಳಿದ್ದನ್ನೂ ಹೇಳಿದಳು. ಅಧಿಕಾರಿ ತಾಳ್ಮೆಯಿಂದ ಕೇಳಿಸಿಕೊಂಡರು. ದೂರು ಮುಗಿದುಹೋಗಿದೆ, ದೂರು ಕೊಟ್ಟವರೂ ದೇಶದಲ್ಲಿಲ್ಲ, ಈಗ ಮಾಡುವಂಥದ್ದು ಏನೂ ಇಲ್ಲವೆಂದು ತಲೆಬಾಗಿಸಿದರು. ಅವಳೂ ತಲೆಬಾಗಿಸಿ ಹೊರಗೆ ಬಂದಳು. ಅವಳ ಜಪಾನಿ ಭಾಷೆ ಎಲ್ಲಿಯೂ ತಡವರಿಸಿರಲಿಲ್ಲ.

ಸಂಜೆ ಲೊರೇನ್‌ಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು, ಕ್ಷಮೆ ಕೇಳಿದಳು. ಸಿಟ್ಟಿಲ್ಲ, ದಣಿದಿದ್ದೇನೆ ಎಂದಳು ಲೊರೇನ್. ಸಂಜನಾ ಚೆನ್ನಾಗಿದ್ದಾಳೆಯೇ ಎಂದು ಕೇಳಿದಳು.

ಫೋನಿನ ಮಾತೆಲ್ಲ ಪಕ್ಕದ ಕೋಣೆಯಲ್ಲಿದ್ದ ಸಂಜನಾಗೆ ಕೇಳಿಸಿತ್ತು. ಬಾಗಿಲ ಬಳಿ ಬಂದು ನಿಂತಳು. ಯಾವತ್ತೂ ಇಲ್ಲದೆ ಕನ್ನಡದಲ್ಲಿ ಕೇಳಿದಳು.

"ಅಮ್ಮ, ನಿಂಗೆ ಆವಾಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು," ಎಂದಳು ಅಹಲ್ಯಾ.

ಹುಡುಗಿ ತಿರುಗಿ ಒಳಗೆ ಹೋದಳು.